ಮುಳ್ಳು ತೆಗೆದ ಪ್ರೀತಿ

ಮಾನ್ಯ ಸಂಪಾದಕರೇ,
ಫೆಬ್ರವರಿಯಲ್ಲಿ ತೋಟದ ಮರ ಕಡಿಸಿದಾಗ ಗೂಡು ಸಮೇತ ಬಿದ್ದ ಗರುಡನ ಮರಿಯನ್ನು ಸಾಕುತ್ತಿದ್ದೇನೆ. ಮೂರು ಹೊತ್ತೂ ಮುಳ್ಳು ಬಿಡಿಸಿದ ಬಂಗುಡೆ, ಎಲುಬಿಲ್ಲದ ಕೋಳಿ ಕೊಟ್ಟೆ. ಈಗ ಕಾಲು ಬಾಗಿ ನಿಲ್ಲಲಾರದು. ಪಶುವೈದ್ಯರು ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ. ಹೊಟ್ಟೆತುಂಬ ಮಾಂಸ ತಿಂದ ಹಕ್ಕಿಗೆ ಕೊರತೆಯೇ? ಎಂಡೋಸಲ್ಫಾನ್ ಕೀಟನಾಶಕ ಕಾರಣವಲ್ಲವೇ?
– ಓದುಗರೊಬ್ಬರು, ಬದಿಯಡ್ಕ

ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಆ ವಿಷ ಸುರಿದ ಜಿಲ್ಲೆ ನಮ್ಮ ಕಾಸರಗೋಡು. ಯಾವ ಊನ ಕಂಡರೂ ಮೊದಲು ಅತ್ತ ಬೊಟ್ಟು ಮಾಡುವುದು ನ್ಯಾಯವೇ. ಈ ಸಲ ಮಾತ್ರ ತಪ್ಪು ಮುಳ್ಳು ಬಿಡಿಸಿದ ನಿಮ್ಮ ಮೆಟ್ಟುಕತ್ತಿಯದು.

ಉಪ್ಪಳದ ಕಡಲ ಬದಿಯಲ್ಲಿ ಮೀನು ಕೊಯ್ಯುವ ಹೆಂಗಸರ ಹಿಂದೆ ಒಂದು ಬೆಳಿಗ್ಗೆ ನಿಂತಿದ್ದೆ. ಅವರು ಎಸೆದ ಬೂತಾಯಿಯ ತಲೆಯನ್ನು ಗರುಡವೊಂದು ಎತ್ತಿಕೊಂಡು ತೆಂಗಿನ ಮಡಲಿನ ಮೇಲೆ ಕುಳಿತು, ಉಗುರಲ್ಲಿ ಒತ್ತಿ ಹಿಡಿದು, ಮುಳ್ಳು, ಕಿವಿರು ಎಲ್ಲವನ್ನೂ ನುಂಗಿತು. ನೀವು ಕಸದಬುಟ್ಟಿಗೆ ಹಾಕಿದ್ದೇ ಅದರ ಊಟ! ಬರಿಯ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಬೆಳೆಯುವ ಮರಿಯ ದೇಹ ಆಗ ತನ್ನ ಎಲುಬನ್ನೇ ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ಒದಗಿಸುತ್ತದೆ.

ಮನುಷ್ಯರ ಕೈತುತ್ತು ಇಲ್ಲದೆಯೂ ಹೀಗಾಗುವುದುಂಟು. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ರಣಹದ್ದುಗಳ ಮರಿಗಳ ರೆಕ್ಕೆಗಳು ಗೂಡಿನಲ್ಲೇ ಸೊಟ್ಟಗಾಗಿ ಮುರಿಯುತ್ತಿದ್ದವು. ಸಂಶೋಧಕರಾದ ಪೀಟರ್ ಮಂಡಿ ಮತ್ತು ಜಾನ್ ಲೆಡ್ಜರ್ ಜಾಡು ಹಿಡಿದು ಹೋದರೆ ಸಿಕ್ಕಿದ ಉತ್ತರ: ಕತ್ತೆಕಿರುಬ! ದನ ಸಾಕುವವರು ಅವನ್ನು ಕೊಂದು ಮುಗಿಸಿದ್ದರು. ದೊಡ್ಡ ಎಲುಬನ್ನು ಕಡಿದು ಚೂರು ಮಾಡುವ ದವಡೆ ಇಲ್ಲವಾಗಿ, ತಾಯಿ ಹಕ್ಕಿ ಮರಿಗೆ ತರಲು ಮಾಂಸ ಮಾತ್ರ ಉಳಿಯಿತು. ಜನ ಎಲುಬು ಜಜ್ಜಿ ಇಡತೊಡಗಿದ ಮೇಲೆ ಮರಿಗಳು ಚೇತರಿಸಿದವು.

ನಮ್ಮ ಮನೆಗಳನ್ನೂ ನೋಡಿ. ಕುಚ್ಚಲಕ್ಕಿ ಹೋಗಿ ತೌಡಿಲ್ಲದ ಬಿಳಿ ಅಕ್ಕಿ ಬಂತು, ಮಕ್ಕಳ ಬಟ್ಟಲಿಗೆ ಮುಳ್ಳಿಲ್ಲದ ಮೀನು ಬಂತು. ಕಳೆದ ತಿಂಗಳು ನೀವೇ ಬರೆದಿದ್ದಿರಿ, ಪತ್ರಿಕೆಯಲ್ಲಿ ಕಠಿಣ ಪದ ಬೇಡವೆಂದು. ಶಾಲೆಯಲ್ಲಿ ಕನ್ನಡ ಉಳಿಸಿಕೊಳ್ಳಲು ಏಳು ದಶಕಗಳಿಂದ ಬಡಿದಾಡುತ್ತಿರುವ ಊರಿನವರು, ಮನೆಗೆ ಬಂದ ಕನ್ನಡದ ಮುಳ್ಳು ಬಿಡಿಸಿ ಕೊಡಿ ಎನ್ನುತ್ತೀರಲ್ಲ! ಪತ್ರದಲ್ಲಿ ನೀವು ಬರೆದ ಊನವಿಲ್ಲದ ಕನ್ನಡ ಕಂಡು ಖುಷಿಪಟ್ಟವನು ಎಂಬ ಸಲಿಗೆಯಿಂದ ಹೇಳುತ್ತಿದ್ದೇನೆ, ಬೇಸರಿಸಬೇಡಿ.

ಇನ್ನು ಮರಿಯ ಮಾತು. ಕಾಡುಹಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ನಾಳೆಯೇ ಅರಣ್ಯ ಇಲಾಖೆಗೆ ಒಪ್ಪಿಸಿ. ಒಯ್ಯುವಾಗ ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಡಿ, ರೆಕ್ಕೆ ಹಿಡಿದು ಎತ್ತಬೇಡಿ. ಆ ಎಲುಬು ಈಗ ಮುಟ್ಟಿದರೆ ಮುರಿಯುವಂತಿರುತ್ತದೆ.

– ಸಂ.