ಈರುಳ್ಳಿ ಬೇರಿನ ಸ್ಲೈಡಿನಲ್ಲಿ ಮೈಟಾಸಿಸ್ ಕಾಣದಿದ್ದರೆ

ಪಿಯುಸಿ ಪ್ರಾಕ್ಟಿಕಲ್‌ಗೆ ಮಾಡಿದ ಸ್ಲೈಡಿನ ತುಂಬ ಉದ್ದುದ್ದ ಕೋಶಗಳೇ, ಮೈಟಾಸಿಸ್‌ನ, ಅಂದರೆ ಕೋಶವಿಭಜನೆಯ, ಒಂದು ಹಂತವೂ ಇಲ್ಲ ಎಂದಿದ್ದೀರಿ. ಹಾಗಿದ್ದರೆ ನೀವು ಹಿಸುಕಿದ್ದು ಬಹುಶಃ ಬೇರಿನ ತುದಿಯನ್ನಲ್ಲ, ಅದರ ಮೇಲಿನ ಭಾಗವನ್ನು. ವಿಭಜನೆ ನಡೆಯುವುದು ತುದಿಯ 2-3 ಮಿ.ಮೀ.ನಲ್ಲಿ; ಅದರಾಚೆ ಕೋಶಗಳು ಉದ್ದವಾಗುತ್ತವೆ ಅಷ್ಟೆ. ಬೇರು ಕತ್ತರಿಸಿದ ಹೊತ್ತೂ ಕಾರಣವಿರಬಹುದು, ಸ್ಲೈಡ್ ನೋಡದೆ ಖಚಿತವಾಗಿ ಹೇಳಲಾರೆ.

ಯಾವ ಈರುಳ್ಳಿಯಾದರೂ ಸರಿ. ಮನೆಯಲ್ಲಿ ಕುಮಟಾದ ಸಿಹಿ ಈರುಳ್ಳಿಯ ಜಡೆ ತೂಗುತ್ತಿದ್ದರೆ ಅದರಿಂದಲೇ ಗಟ್ಟಿ ಗಡ್ಡೆ ಆರಿಸಿ. ಒಣಬೇರು ಹೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ. ಕಾರವಾರದ ಮಳೆಗಾಲದಲ್ಲಿ ದಿನವೂ ನೀರು ಬದಲಿಸಿ, ಇಲ್ಲವಾದರೆ ಕೊಳೆಯುತ್ತದೆ. ಹೊಸ ಬೇರು 2 ಸೆಂ.ಮೀ. ಬೆಳೆದಾಗ ಬೆಳಿಗ್ಗೆ 8-9ರೊಳಗೆ ಕತ್ತರಿಸಿ, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ, ಮೂರು ಪಾಲು ಎಥನಾಲ್ ಬೆರೆಸಿದ್ದರಲ್ಲಿ 24 ಗಂಟೆ ಇಡಿ. ಅವಸರಕ್ಕೆ ಈ ಹಂತ ಬಿಡಲೇಬೇಡಿ.

ತೊಳೆದ ಬೇರಿಗೆ ಒಂದು ಹನಿ ಡೆಸಿನಾರ್ಮಲ್ (N/10) ಹೈಡ್ರೋಕ್ಲೋರಿಕ್ ಆಮ್ಲ, ಎರಡು-ಮೂರು ಹನಿ ಅಸಿಟೋಕಾರ್ಮೈನ್ ಬಣ್ಣ ಹಾಕಿ ಸ್ಲೈಡನ್ನು ತುಸು ಬೆಚ್ಚಗೆ ಮಾಡಿ, ಒಣಗಬಾರದು. ಗಾಢ ಬಣ್ಣ ಹಿಡಿದ ತುದಿಯನ್ನಷ್ಟೇ ಉಳಿಸಿ, ಮಿಕ್ಕಿದ್ದು ಎಸೆಯಿರಿ. ಒಂದು ಹನಿ ನೀರು, ಕವರ್‌ಸ್ಲಿಪ್, ಮೇಲೆ ಹೀರುಕಾಗದ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ, ಪಕ್ಕಕ್ಕೆ ಜಾರಿಸಬೇಡಿ.

ಒಳ್ಳೆಯ ಸ್ಲೈಡಿನಲ್ಲೂ ಹೆಚ್ಚಿನ ಕೋಶಗಳು ಇಂಟರ್‌ಫೇಸ್‌ನಲ್ಲೇ (ಎರಡು ವಿಭಜನೆಗಳ ನಡುವಿನ ಹಂತದಲ್ಲೇ) ಇರುತ್ತವೆ. ಸೂಕ್ಷ್ಮದರ್ಶಕದ 10ಎಕ್ಸ್ ಮಸೂರದಲ್ಲಿ ಚೌಕಾಕಾರದ, ಒತ್ತೊತ್ತಾದ ಕೋಶಗಳ ಗುಂಪು ಹುಡುಕಿ, ಅಲ್ಲೇ 40ಎಕ್ಸ್‌ಗೆ ತಿರುಗಿಸಿ.