'ಅಕ್ವಾಲಂಗ್' ಕೇಳಿದವರಿಗೆ 'ದಿ ಝೆಲಟ್ ಜೀನ್' ಹಿಡಿಸುತ್ತದಾ?

ಬ್ರಿಟನ್ನಿನ ರಾಕ್ ಬ್ಯಾಂಡ್ ಜೆತ್ರೋ ಟಲ್‌ನ ಆಲ್ಬಂಗಳಲ್ಲಿ 1971ರ 'ಅಕ್ವಾಲಂಗ್' ಒಂದೇ ಗೊತ್ತು, 'ದಿ ಝೆಲಟ್ ಜೀನ್' ಕೇಳಿದರೆ ಬೇಜಾರಾಗುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಖಂಡಿತ ಕೇಳಿ. ಆದರೆ ಬ್ಯಾಂಡಿನ ಹಾಡುಗಾರ, ಕೊಳಲುಗಾರ ಇಯಾನ್ ಆಂಡರ್ಸನ್ ಅವರ ಹಳೆಯ ದನಿ ಹುಡುಕಬೇಡಿ. 2022ರ ಜನವರಿಯಲ್ಲಿ ಇದು ಬಂದಾಗ ಅವರಿಗೆ 74 ವರ್ಷ. ಶ್ವಾಸಕೋಶದ ಕಾಯಿಲೆ ಇದೆ ಅಂತ 2020ರಲ್ಲಿ ಅವರೇ ಹೇಳಿಕೊಂಡಿದ್ದರು. ಹಾಡುವುದು ಈಗ ಹೆಚ್ಚು ಕಡಿಮೆ ಮಾತಾಡಿದ ಹಾಗೆ. ಕೊಳಲು ಮಾತ್ರ ಹಾಗೇ ಇದೆ! ಊದುತ್ತಲೇ ಗುನುಗುವುದು, ಗುರುಗುಟ್ಟುವುದು, ಉಸಿರಿನ ಸದ್ದು ಎಲ್ಲ ಸೇರಿದ ಆ ಒರಟು ನಾದ ನಮ್ಮ ಬಿದಿರು ಕೊಳಲಿಗೆ ಒಗ್ಗಿದ ಕಿವಿಗೆ ಮೊದಲು ವಿಚಿತ್ರ ಅನಿಸುತ್ತದೆ, ಆಮೇಲೆ ನಮ್ಮನ್ನು ಬಿಡುವುದೇ ಇಲ್ಲ.

'ಅಕ್ವಾಲಂಗ್'ನಲ್ಲಿ ಗಿಟಾರ್ ನುಡಿಸಿದ್ದ ಮಾರ್ಟಿನ್ ಬಾರ್ ಇದರಲ್ಲಿ ಇಲ್ಲ. ನನಗೆ ದೊಡ್ಡ ಕೊರತೆ ಅದೇ.

ನಾನು ಇದನ್ನು ಕೇಳಿದ್ದು ತೀರ್ಥಹಳ್ಳಿಯ ಮನೆಯಲ್ಲಿ, ಜುಲೈ ಮಳೆಯಲ್ಲಿ ಕರೆಂಟ್ ಹೋದ ಒಂದು ರಾತ್ರಿ. ಮೊದಲ ಹಾಡು 'ಮಿಸೆಸ್ ಟಿಬೆಟ್ಸ್'. ಹಿರೋಶಿಮಾ ಮೇಲೆ ಬಾಂಬ್ ಹಾಕಿದ ಪೈಲಟ್ ವಿಮಾನಕ್ಕೆ ತನ್ನ ತಾಯಿಯ ಹೆಸರಿಟ್ಟಿದ್ದ, ಆ ತಾಯಿಯೇ ಈ ಮಿಸೆಸ್ ಟಿಬೆಟ್ಸ್. ಅದು ಗೊತ್ತಾದ ಮೇಲೆ ಸುಮ್ನೆ ಕೂರಲು ಆಗಲಿಲ್ಲ, ಹೆಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೂ ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ.

ದಿನಾ ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗ್ತೀನಿ ಅಂದಿರಲ್ವಾ? 12 ಹಾಡು, ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಸಾಗರದಲ್ಲಿ ಹಾಕಿದರೆ ಆನಂದಪುರ ದಾಟಿದ ಮೇಲೆ ಮುಗಿಯುತ್ತದೆ. ಮಧ್ಯೆ ನಿಲ್ಲಿಸದೆ ಕೇಳಿ, ಯಾವ ಹಾಡು ಹಿಡಿಸಿತು ಅಂತ ಇಲ್ಲೇ ಬರೆಯಿರಿ.