ಸ್ಕ್ರಿಪ್ಟ್ ‘ಸಕ್ಸಸ್’ ಅನ್ನುತ್ತದೆ, ಡೇಟಾ ಮಾತ್ರ ಸೇರಿಲ್ಲ

ಪ್ರಶ್ನೆ: ಒಂದು ಸರ್ವರ್‌ನಿಂದ ಆರ್ಡರ್‌ಗಳನ್ನು ತೆಗೆದು ಇನ್ನೊಂದರ ಎಪಿಐಗೆ (ಬೇರೆ ಪ್ರೋಗ್ರಾಂಗಳಿಂದ ಡೇಟಾ ತೆಗೆದುಕೊಳ್ಳುವ ಬಾಗಿಲು) ಕಳಿಸುವ ಸ್ಕ್ರಿಪ್ಟ್ ಅನ್ನು ಬ್ಯಾಶ್‌ನಲ್ಲಿ (ಲಿನಕ್ಸ್ ಕಮಾಂಡ್‌ಗಳ ಭಾಷೆ) ಬರೆದಿದ್ದೇನೆ. ಎರರ್ ಬರುವುದಿಲ್ಲ, ಆದರೆ ಕೆಲವು ದಿನ ಡೇಟಾ ಸೇರಿರುವುದಿಲ್ಲ. ಪೈಥಾನ್‌ಗೆ ಬದಲಾಯಿಸಲೇ?

ಉತ್ತರ: ಈ ಪ್ರಶ್ನೆ ಬರುತ್ತಲೇ ಇರುತ್ತದೆ. ‘ಬ್ಯಾಶ್ ಬಿಡಿ, ಎಲ್ಲ ಸರಿಹೋಗುತ್ತೆ’ ಅಂತ ಯಾರೋ ತಲೆಗೆ ತುಂಬಿರುತ್ತಾರೆ. ದಯವಿಟ್ಟು ನಂಬಬೇಡಿ. ಎರರ್ ಬಂದೇ ಇರುತ್ತದೆ, ನಿಮ್ಮ ಸ್ಕ್ರಿಪ್ಟ್ ನೋಡಿರುವುದಿಲ್ಲ.

ಕಳಿಸಲು ಕರ್ಲ್ ಅನ್ನುವ ಕಮಾಂಡ್ ಬಳಸುತ್ತಿದ್ದೀರಿ, ಅಲ್ವಾ? ಆ ಕಡೆಯ ಸರ್ವರ್ 500 (ತನ್ನಲ್ಲೇ ತೊಂದರೆ) ಅಂದರೂ, ಮುಗಿಯುವಾಗ ಕರ್ಲ್ ಕೊಡುವ ಎಕ್ಸಿಟ್ ಕೋಡ್ ಸೊನ್ನೆಯೇ, ಅಂದರೆ ‘ಎಲ್ಲ ಸರಿ’. ಏನೋ ಒಂದು ಉತ್ತರ ಬಂತಲ್ಲ, ಅದರ ಲೆಕ್ಕದಲ್ಲಿ ಕೆಲಸ ಮುಗಿಯಿತು. ‘ಫೇಲ್’ ಆಪ್ಷನ್ ಹಾಕಿದರೆ ಮಾತ್ರ ಸರ್ವರ್‌ನ 400 ಮತ್ತು ಅದರ ಮೇಲಿನ ಎರರ್ ಕೋಡ್‌ಗಳಿಗೆ 22 ಅನ್ನುವ ಎಕ್ಸಿಟ್ ಕೋಡ್ ಸಿಗುತ್ತದೆ. ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ಮುಂದಿನದಕ್ಕೆ ಕೊಡುವ ಪೈಪ್‌ನದೂ ಇದೇ ಕಥೆ. ಆರ್ಡರ್ ತೆಗೆಯುವ ಕಮಾಂಡ್ ಅರ್ಧಕ್ಕೆ ನಿಂತರೂ, ಕೊನೆಯಲ್ಲಿರುವ, ಡೇಟಾ ಕುಗ್ಗಿಸುವ ಜಿಜಿಪ್ ಸರಿಯಾಗಿ ಮುಗಿದರೆ ಬ್ಯಾಶ್‌ಗೆ ಎಲ್ಲವೂ ಸರಿ. ಸ್ಕ್ರಿಪ್ಟ್‌ನ ಶುರುವಿನಲ್ಲೇ ಪೈಪ್‌ಫೇಲ್ ಆನ್ ಮಾಡಿ, ಆಗ ಪೈಪ್‌ನ ಯಾವ ಕಮಾಂಡ್ ಸೋತರೂ ಗೊತ್ತಾಗುತ್ತದೆ. ಎರರ್ ಬಂದ ಕೂಡಲೇ ಸ್ಕ್ರಿಪ್ಟ್ ನಿಲ್ಲಿಸುವ ‘ಸೆಟ್ ಇ’ ಹಾಕಿದ್ದೇನಲ್ಲ ಅನ್ನಬೇಡಿ. ಇಫ್ ಕಂಡೀಷನ್‌ನಲ್ಲಿ ಕರೆದ ಫಂಕ್ಷನ್‌ನೊಳಗೆ ಅದು ಕೆಲಸ ಮಾಡುವುದೇ ಇಲ್ಲ.

ಇನ್ನು ಟೈಮ್‌ಔಟ್, ಅಂದರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ. ಕರ್ಲ್‌ಗೆ ಒಟ್ಟು ಸಮಯದ ಮಿತಿ ತಾನಾಗಿ ಇರುವುದಿಲ್ಲ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲೂ ಟೈಮ್‌ಔಟ್ ನೀವೇ ಕೊಡಬೇಕು. ಕೊಟ್ಟ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಟೈಮ್‌ಔಟ್ ಆಯಿತು ಅಂದರೆ ಆ ಕಡೆ ಕೆಲಸ ಆಗಿಲ್ಲ ಅಂತ ಅರ್ಥವಲ್ಲ. ಆರ್ಡರ್ ದಾಖಲಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಸುಮ್ನೆ ರೀಟ್ರೈ ಲೂಪ್ ಹಾಕಿದರೆ ಒಂದೇ ಆರ್ಡರ್ ಎರಡು ಸಲ ಕೂರುತ್ತದೆ. ಪ್ರತಿ ಆರ್ಡರ್‌ಗೂ ಒಂದು ಐಡಿ ಕೊಡಿ. ರೀಟ್ರೈ ಮಾಡುವಾಗಲೂ ಅದೇ ಐಡಿ ಹೋಗಲಿ, ಹೊಸದು ಬೇಡ. ಒಮ್ಮೆ ಬಂದ ಐಡಿ ಮತ್ತೆ ಬಂದರೆ ಆ ಕಡೆಯ ಪ್ರೋಗ್ರಾಂ ಹೊಸದಾಗಿ ದಾಖಲಿಸದೆ ಹಳೆಯ ಉತ್ತರವನ್ನೇ ಕೊಡಬೇಕು. ಈ ಏರ್ಪಾಡು ಇಲ್ಲದ ಕಡೆ, ಅದರಲ್ಲೂ ಹಣದ ವಿಷಯದಲ್ಲಿ, ನಾನಂತೂ ರೀಟ್ರೈ ಹಾಕುವುದಿಲ್ಲ. ನಿಲ್ಲಿಸಿ, ಮನುಷ್ಯರಿಗೆ ಅಲರ್ಟ್ ಕಳಿಸುತ್ತೇನೆ.

ಇವೆಲ್ಲ ಪೈಥಾನ್‌ನಲ್ಲೂ ನೀವೇ ಮಾಡಬೇಕಾದ ಕೆಲಸ. ಜೇಸನ್ (ಎಪಿಐಗಳು ಡೇಟಾ ಕೊಡುವ ಒಂದು ರೂಪ) ಬಿಡಿಸಲು ಸೆಡ್ (ಪಠ್ಯ ತಿದ್ದುವ ಕಮಾಂಡ್) ಬಳಸುವ ಹಂತಕ್ಕೆ ಬಂದಿದ್ದರೆ ಮಾತ್ರ ಇವತ್ತೇ ಬದಲಾಯಿಸಿ.

ಪ್ರಶ್ನೆ: ಸ್ಕ್ರಿಪ್ಟಿಂಗ್ ಭಾಷೆ ನಿಧಾನವಂತೆ. ಗೋ ಭಾಷೆಯಲ್ಲಿ ಬರೆಯಲೇ?

ಉತ್ತರ: ಮೊದಲು ಅಳೆಯಿರಿ. ಇಂಥ ಸ್ಕ್ರಿಪ್ಟ್‌ಗಳ ಸಮಯ ಜಾಸ್ತಿ ಹೋಗುವುದು ನೆಟ್‌ವರ್ಕ್‌ಗೆ ಕಾಯುವುದರಲ್ಲಿ.

ಪ್ರಶ್ನೆ: ಸರ್ವರ್‌ಗಳ ಪಟ್ಟಿಯನ್ನು ಒಂದೊಂದೇ ಸಾಲು ಓದುವ ವೈಲ್-ರೀಡ್ ಲೂಪ್‌ಗೆ ಕೊಟ್ಟು, ಪ್ರತಿಯೊಂದಕ್ಕೂ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್) ಮಾಡಿದರೆ ಮೊದಲನೆಯದಕ್ಕೇ ನಿಂತುಬಿಡುತ್ತದೆ. ಯಾಕೆ?

ಉತ್ತರ: ಉಳಿದ ಪಟ್ಟಿಯನ್ನು ಎಸ್‌ಎಸ್‌ಎಚ್ ತನ್ನ ಇನ್‌ಪುಟ್ ಅಂದುಕೊಂಡು ಓದಿ ಮುಗಿಸಿರುತ್ತದೆ. ಅದು ಇನ್‌ಪುಟ್ ಓದದಂತೆ ‘ಎನ್’ (-n, ಸಣ್ಣ ಅಕ್ಷರ) ಆಪ್ಷನ್ ಹಾಕಿ.